ಹಿಮ್ಮಡಿ ಇಲ್ಲದ ಚಪ್ಪಲಿಗಳು

ಹೊಲಿಗೆ ಮಿಷನ್ನು ದಡದಡ ಕುಣಿದರೆ ಹೊಲಿಯುವವಳ ಮಂಡಿಯಿಂದ ಸೊಂಟದವರೆಗೆ ಜುಮ್ಮೆನ್ನುತ್ತದೆ. ಅದಕ್ಕೇ ಆ ಕಾರ್ಖಾನೆಯ ಹೆಂಗಸರು ತಮ್ಮ ರಬ್ಬರ್ ಚಪ್ಪಲಿಯ ಹಿಮ್ಮಡಿ ಕತ್ತರಿಸಿ, ಕುಣಿತ ತಗ್ಗಲಿ ಅಂತ ಮಿಷನ್ನಿನ ಕಾಲಡಿ ಇಡುತ್ತಿದ್ದರು. ಯಜಮಾನ ಕೊಟ್ಟಿದ್ದು ಬರೀ ಬೈಗುಳ.

ಆ ಮಹಾನುಭಾವ ಒಂದು ದಿನ ಬಗ್ಗಿ ನೋಡಿದ. ನೋಡಿದ್ದೇ ತಡ, ಇದು ತಾನು ಕಂಡುಹಿಡಿದದ್ದು ಅಂತ ಪೇಟೆಂಟಿಗೆ ಅರ್ಜಿ ಹಾಕಿದ. ಅದು ಸಿಕ್ಕಿಬಿಟ್ಟರೆ ಮನೆಯಲ್ಲಿ ಹೊಲಿಯುವವರೂ ಅವನ ಅಪ್ಪಣೆಯಿಲ್ಲದೆ ಚಪ್ಪಲಿ ತುಂಡು ಇಡುವಂತಿಲ್ಲ. ಹೆತ್ತವಳು ಒಬ್ಬಳು, ಹೆಸರು ಇನ್ನೊಬ್ಬನದು!

ಹೊಲಿಯುವ ಹೆಂಗಸರಲ್ಲಿ ಒಬ್ಬಳಾದ ಪಟಾಕಿಗೆ ಮೈಯೆಲ್ಲ ಉರಿಯಿತು. ಬಾಯಿ ಜೋರು ಅಂತ ಅವಳಿಗೆ ಆ ಹೆಸರು. ಕಾರ್ಖಾನೆಯಿಂದ ಬಂದ ಮೇಲೂ ಅವಳು, ನಾದಿನಿ ಇಬ್ಬರೂ ಹೊಲಿದರೆ ಮಾತ್ರ ಮನೆಯ ಒಲೆ ಉರಿಯುತ್ತಿತ್ತು. ಹೆಂಗಸರೆಲ್ಲ ಸೇರಿ ಪೇಟೆಂಟ್ ಕಚೇರಿಯಲ್ಲಿ ತಕರಾರು ಹಾಕಿದರು. ವಿಚಾರಣೆಯ ದಿನ ಪಟಾಕಿಯನ್ನೇ ಮುಂದೆ ಬಿಟ್ಟರು.

"ಈ ಕಸುಬಿನವರಿಗೆ ತಾನಾಗೇ ಹೊಳೆಯೋ ವಿಷಯ ಆದ್ರೆ ಪೇಟೆಂಟ್ ಇಲ್ಲ. ಏನಮ್ಮ, ಇದು ಹೊಳೆಯೋದು ಸುಲಭಾನಾ?" ಅಧಿಕಾರಿ ಕೇಳಿದರು.

ಪಟಾಕಿ ಎದೆ ಸೆಟೆಸಿದಳು. "ಎಲ್ಲಿ ಸುಲಭ ಸ್ವಾಮಿ? ನನ್ನ ತಲೆ ಓಡ್ತು, ಹೊಳೀತು! ಇವರಿಗೆಲ್ಲ ಎಲ್ಲಿಂದ ಬರ್ಬೇಕು ಅಷ್ಟು ಬುದ್ಧಿ?"

ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳು, ಪುಣ್ಯಾತ್ಗಿತ್ತಿ.

ಯಜಮಾನನ ವಕೀಲ ಚಂಗನೆ ಎದ್ದ. "ನೋಡಿ, ಇವರೇ ಒಪ್ಪಿದ್ರು! ಮಂಚದ ಕಾಲಿಗೆ ರಬ್ಬರು ಇಡೋದು ಹಳೇ ಕತೆ. ಆದ್ರೆ ಮಿಷನ್ನಿಗೆ ಅಂತ ಹೊಳೆಯೋದು ಎಲ್ಲರ ಕೈಲೂ ಆಗಲ್ಲ. ಇನ್ನು, ಹೊಳೆದಿದ್ದು ಸಂಬಳ ತಗೊಂಡವರ ತಲೆಗೆ ಅಂದ್ರೆ, ಆ ತಲೆನೂ ಯಜಮಾನರದ್ದೇ."

"ಅಯ್ಯೋ ಅತ್ತಿಗೆ!" ಹಿಂದಿನಿಂದ ನಾದಿನಿ ಕಿರುಚಿದಳು. "ನಿನಗ್ಯಾವಾಗ ಹೊಳೀತೇ? ನೀನು ಮದುವೆಯಾಗಿ ಬರೋಕೆ ಮುಂಚೆನೇ ನಮ್ಮಮ್ಮ ಇಡ್ತಿದ್ಲು!"

"ನಿಮ್ಮಮ್ಮನಾ? ನಾನು ಹಳೇ ಕಾರ್ಖಾನೆಲೇ ಇಟ್ಟಿದ್ದೆ!" ಗುಂಡಿ ಹೊಲಿಯುವವಳು ಎದ್ದಳು.

"ಸುಮ್ನಿರೇ, ನನಗೆ ಯಾರು ಹೇಳಿಕೊಟ್ಟಿದ್ರು? ನಾನೇ ಇಟ್ಟೆ!" ಕಾಲರ್ ಹೊಲಿಯುವವಳು ಸೊಂಟಕ್ಕೆ ಕೈಯಿಟ್ಟಳು.

ಕೋಣೆ ಸಂತೆಯಾಯಿತು. ತನಗೇ ಹೊಳೆದದ್ದು ಅಂತ ಒಬ್ಬೊಬ್ಬಳದೂ ಹಟ. ಪಟಾಕಿಯ ಜಂಭ ಠುಸ್ಸೆಂದಿತು. ಅವಮಾನವಾಯಿತು, ಸುಳ್ಳಲ್ಲ. ಆದರೆ ಮರುಕ್ಷಣವೇ ಅವಳಿಗೆ ನಗು ಉಕ್ಕಿತು. ಬಗ್ಗಿ ಚಪ್ಪಲಿ ಕಳಚಿದಳು.

ಯಜಮಾನ ಫೈಲನ್ನು ತಲೆಗೆ ಅಡ್ಡ ಹಿಡಿದ.

"ಹೆದರ್ಬೇಡಿ, ನಿಮಗಲ್ಲ," ಎಂದು ಚಪ್ಪಲಿಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟಳು. ಹಿಮ್ಮಡಿಯ ಜಾಗ ಖಾಲಿ. ನಾದಿನಿಯೂ ತನ್ನದನ್ನು ತಂದಿಟ್ಟಳು. ಹಿಂದೆಯೇ ಉಳಿದವರೆಲ್ಲ ಬಂದರು. ಒಂದರ ಹಿಮ್ಮಡಿಯೂ ನೆಟ್ಟಗಿರಲಿಲ್ಲ.

"ತಪ್ಪಾಯ್ತು ಸ್ವಾಮಿ, ಎಲ್ಲರಿಗೂ ಹೊಳೆದಿದೆ," ಎಂದಳು ಪಟಾಕಿ. "ಸೊಂಟ ನೋವಿದ್ದೋರಿಗೆಲ್ಲ ಹೊಳೆದಿದೆ."

ಆಮೇಲೆ ಯಜಮಾನನ ಕಡೆ ತಿರುಗಿದಳು. "ನಿಮ್ಮದೂ ಒಂದು ಇಡಿ ಯಜಮಾನ್ರೇ. ಎಲ್ಲಿ ಕತ್ತರಿಸಿದ್ದೀರೋ ನೋಡೋಣ."

ಅವನು ಮಿರಮಿರ ಹೊಳೆಯುವ ಬೂಟುಗಳನ್ನು ಮೆಲ್ಲಗೆ ಕುರ್ಚಿಯಡಿಗೆ ಎಳೆದುಕೊಂಡ.