ಥೋಕೊಳ ಐದು ಗಂಟೆಯ ಡಬ್ಬಿ

ಬಾಡಿಗೆಗೆ ಕೋಣೆ ಕೊಟ್ಟವರ ದೂರು ಯಾವಾಗಲೂ ಒಂದೇ: ಬಂದವರು ನಮ್ಮ ಮನೆಗೆ ಹೊಂದಿಕೊಳ್ಳುವುದಿಲ್ಲ! ಬೆಳಗಾವಿ ಕೋಟೆಯ ಹತ್ತಿರದ ಅಕ್ಕಾತಾಯಿಯೂ ಹಾಗೇ ಅನ್ನುತ್ತಿದ್ದರು. ಮನಸ್ಸು ಬೆಣ್ಣೆ, ಬಾಯಿ ಮಾತ್ರ ಸ್ವಲ್ಪ ಜೋರು. ಆಫ್ರಿಕಾದ ಮಲಾವಿ ದೇಶದಿಂದ ಓದಲು ಬಂದ ಥೋಕೊ ಎಂಬ ಹುಡುಗಿ ಅವರ ಮನೆಯಲ್ಲಿ ಉಳಿದು ಹತ್ತು ದಿನವಾಗಿತ್ತು. ಊಟವೂ ಅಲ್ಲೇ ಎಂದು ಮಾತಾಗಿತ್ತು.

ಅಂದು ಬೆಳಿಗ್ಗೆ ಥೋಕೊ ಚೀಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಓದು ಬಿಟ್ಟು ಊರಿಗೆ ಹೋಗುತ್ತೇನೆಂದು ಅಳುತ್ತಿದ್ದಳು. ಅಕ್ಕಾತಾಯಿ ಗಾಬರಿಯಾಗಿ ಪಕ್ಕದ ಮನೆಯ ಗೌರವ್ವಳನ್ನು ಕೂಗಿದರು. ಗೌರವ್ವ ಕಾಲೇಜಿನಲ್ಲಿ ಪರದೇಶದ ವಿದ್ಯಾರ್ಥಿಗಳಿಗೆ ನೆರವಾಗುವ ಕೆಲಸದಲ್ಲಿದ್ದವಳು.

"ನೋಡವಾ, ದಿನಾ ಬಿಸಿ ರೊಟ್ಟಿ ಮಾಡ್ತೀನಿ. ಈಕಿ ಒಂದಿನಾನೂ ಸಂಜಿ ಊಟಕ್ಕ ಬಂದಿಲ್ಲ. ನಮ್ಮ ಊಟ ಸೇರಂಗಿಲ್ಲ ಅಂತ ಕಾಣತೈತಿ!" ಎಂದರು ಅಕ್ಕಾತಾಯಿ.

ಗೌರವ್ವ ಥೋಕೊಳನ್ನು ಇಂಗ್ಲಿಷಿನಲ್ಲಿ ವಿಚಾರಿಸಿ ಹಣೆ ಚಚ್ಚಿಕೊಂಡಳು. "ಅಕ್ಕಾ, ಈಕಿ ಲ್ಯಾಬ್ ಮುಗಿಸಿ ಬರೂದು ಏಳಕ್ಕ. ಅಷ್ಟೊತ್ತಿಗೆ ನೀವು ಒಲಿ ತೊಳದು ಇಟ್ಟಿರತೀರಿ. ತಾನೇನೋ ತಪ್ಪು ಮಾಡೀನಿ, ಅದಕ್ಕ ಊಟ ಹಾಕವಲ್ಲರು ಅಂತ ತಿಳಕೊಂಡು ದಿನಾ ಬಿಸ್ಕೀಟ್ ತಿಂದು ಮಲಗ್ಯಾಳ."

"ಅಯ್ಯ! ಜೈನರ ಮನ್ಯಾಗ ಹೊತ್ತು ಮುಳುಗೂದ್ರಾಗ ಊಟ ಅಂತ ಊರಿಗೆಲ್ಲ ಗೊತ್ತೈತೆಲ್ಲ!"

"ಊರಿಗೆ ಗೊತ್ತೈತ್ರಿ. ಮಲಾವಿಗೆ ಹೆಂಗ ಗೊತ್ತಾಗಬೇಕು? ನೀವು ಹೇಳಿದ್ರೇನು?"

ಅಕ್ಕಾತಾಯಿ ಹೇಳಿರಲಿಲ್ಲ. ತಮ್ಮ ಮನೆಯಲ್ಲಿ ಒಂದು ಹುಡುಗಿ ಹತ್ತು ದಿನ ಅರೆಹೊಟ್ಟೆಯಲ್ಲಿ ಮಲಗಿದಳಲ್ಲ ಎಂದು ಕಣ್ಣು ತುಂಬಿ ಬಂತು. ಆದರೂ ಸೋಲಲಿಲ್ಲ. "ಈಕಿನರ ಕೇಳಬೇಕಿತ್ತಲ್ಲ?"

"ಹೊಸಬರಿಗೆ ಕೇಳಾಕ ಅಂಜಿಕಿ ಇರತೈತ್ರಿ. ನಾವು ಮನಿಯವರು, ನಾವ ಮೊದಲ ಮಾತಾಡಬೇಕು. ಬಂದ ದಿನಾನ ಊಟದ ಹೊತ್ತು, ನೀರು ಬರೂ ಹೊತ್ತು, ಎಲ್ಲಾ ಹೇಳಿಬಿಡ್ರಿ. ಆಮ್ಯಾಲ ನಿಮ್ಮ ಕಡೆ ಹೆಂಗ ಅಂತ ಕೇಳ್ರಿ."

"ಹಂಗಾದ್ರ ಮುಂಜಾನೆದ್ದು ಡಬ್ಬಿ ಕಟ್ಟಿ ಕೊಡ್ತೀನಿ. ಸಂಜಿ ಐದಕ್ಕ ಕಾಲೇಜಿನ್ಯಾಗ ತಿನ್ನಲಿ. ಆ ಚೀಲ ಒಳಗ ಇಡಾಕ ಹೇಳ ಮೊದಲ!"

ಗೌರವ್ವ ಅದನ್ನು ತಿಳಿಸಿದಾಗ ಥೋಕೊ ಅಳುತ್ತಲೇ ನಕ್ಕಳು. ಚೀಲ ಒಳಗೆ ಹೋಯಿತು.

ಮುಂದಿನ ತಿಂಗಳು ಅಕ್ಕಾತಾಯಿ ಅವಳನ್ನು ಖಾನಾಪುರದ ತವರಿಗೆ ಕರೆದುಕೊಂಡು ಹೋದರು. ಊಟಕ್ಕೆ ಕುಳಿತಾಗ ಥೋಕೊ ತಂಬಿಗೆ, ಬೋಗುಣಿ ಹಿಡಿದು ಬಂದು ಒಬ್ಬೊಬ್ಬರ ಮುಂದೆಯೂ ಮೊಣಕಾಲೂರಿದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ಅಕ್ಕಾತಾಯಿ ಜಂಬದಿಂದ ತಮ್ಮ ಕೈ ಚಾಚಿದರು.

"ಕೈ ಮುಂದ ಮಾಡ್ರಿ, ತೊಳಕೊಳ್ಳಾಕ ನೀರು ಹಾಕ್ತಾಳ. ಅವರ ಕಡೆ ಊಟದ ಪದ್ಧತಿ ಹಂಗೈತಿ. ನಾ ಕೇಳಿ ತಿಳಕೊಂಡೀನಿ!"

ಓದುಗರೇ, ನಿಮ್ಮ ಓಣಿಗೂ ದೂರದ ದೇಶದ ಮಕ್ಕಳು ಓದಲು ಬಂದಿರಬಹುದು. ಇವತ್ತೇ ಅವರ ಬಾಗಿಲು ತಟ್ಟಿ. ನಮ್ಮಲ್ಲಿ ಹೀಗೆ ಎಂದು ಹೇಳಿ, ನಿಮ್ಮಲ್ಲಿ ಹೇಗೆ ಎಂದು ಕೇಳಿ. ಊಟ ಆಯಿತೇ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ.