ಗಂಜಿಯ ಸರದಿ

ಗಂಜಿಯ ಹಬೆ ಕಣ್ಣಿಗೆ ಹೊಡೆದು ಮಕ್ಕಳೆಲ್ಲ ಒಂದೇ ಮುಖದವರಂತೆ ಕಾಣುತ್ತಿದ್ದಾರೆ, ಯಾವುದು ತಮಿಳು ಕೂಲಿಗಳ ಲೈನುಮನೆಯದು, ಯಾವುದು ಅಸ್ಸಾಮಿನದು, ಹಬೆಗೇನು ಗೊತ್ತು — ನಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ಒರೆಸಿದ್ದೇ ಹಳೇ ಲೈನಿನ ಚಿನ್ನಿಯ ಮುಂಗೈ ಕಂಡಿತು, ನಿನ್ನೆಯ ಹಲ್ಲಿನ ಗುರುತು ಇನ್ನೂ ಕೆಂಪಗೆ, ಕಚ್ಚಿದ್ದು ಮಾಮೊನಿ, ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಗು, ಅಗೋ ಗೋಡೆಗಂಟಿ ಕೂತಿದೆ, ಬೆಳಿಗ್ಗೆ ತೋಟದ ಹಾಜರಿ ಬರೆಯುವ ರೈಟರು ಬಂದು ಹೇಳಿಹೋದರಲ್ಲ, ಇನ್ನೊಂದ್ಸಲ ಕಚ್ಚಿದ್ರೆ ಅದನ್ನ ಈ ಮಕ್ಕಳಮನೆಗೆ ಸೇರಿಸ್ಬೇಡ ನಿಂಗಮ್ಮ, ಆ ಜನಾನೇ ಹಂಗೆ — ಸೇರಿಸದಿದ್ದರೆ ಅದರ ತಾಯಿ ಕಾಫಿ ಪಿಕ್ಕಿಂಗಿಗೆ ಹೋಗುವಾಗ ಕೂಸನ್ನು ಲೈನಿನ ಕೋಣೆಯಲ್ಲಿ ಕೂಡಿ ಬೀಗ ಹಾಕಬೇಕು, ಬೇರೆ ದಾರಿ ಏನಿದೆ, ಇಡೀ ದಿನ ಕತ್ತಲಲ್ಲಿ ಕೂತ ಕೂಸು ಸಂಜೆ ಬಾಗಿಲು ತೆಗೆದಾಗ ಯಾರನ್ನು ಕಚ್ಚದೆ ಬಿಟ್ಟೀತು, ಜನವಂತೆ ಜನ, ಹಲ್ಲಿಗೆ ಯಾವ ಜಾತಿ ರೈಟರೇ, ಅದು ಕಚ್ಚುವುದೆಲ್ಲ ಗಂಜಿ ಹೊತ್ತಿನಲ್ಲೇ, ಹಳೇ ಲೈನಿನವರಿಗೆ ಮೊದಲು, ಹೊಸಬರಿಗೆ ಕೊನೆಗೆ, ಹಾಜರಿ ಕೂಗುವ ಕ್ರಮದಲ್ಲೇ ಬಡಿಸುವುದು ಇಲ್ಲಿಯ ವಾಡಿಕೆ, ಕೊನೆಗೆ ಉಳಿಯುವುದು ಬರೀ ತಿಳಿನೀರು, ಸಾಲದ್ದಕ್ಕೆ ಏ ಹಿಂದಿ, ಏ ಹಿಂದಿ ಎಂದು ಚಿನ್ನಿಯ ಗುಂಪು ತಟ್ಟೆ ಬಡಿಯುತ್ತದೆ, ಉತ್ತರ ಕೊಡಲು ಮಾಮೊನಿಯ ಬಾಯಲ್ಲಿ ಇವರ ಮಾತಿಲ್ಲ, ಹಲ್ಲಿದೆ — ನಿಂಗಮ್ಮನಿಗೂ ಮಾತಿರಲಿಲ್ಲ, ಕೊಡ್ಲಿಪೇಟೆ ಕಡೆಯಿಂದ ಅವ್ವ ಚಿಕ್ಕಂದಿನಲ್ಲಿ ಈ ತೋಟಕ್ಕೆ ಕರೆತಂದಾಗ, ಸುತ್ತಲೂ ತಮಿಳು, ಮಲಯಾಳ, ಅರ್ಥವಾದದ್ದು ಅವರ ನಗು ಒಂದೇ, ಅದಕ್ಕೇ ಕಲ್ಲು ಎತ್ತುತ್ತಿದ್ದಳು, ಎಲ್ಲರೂ ಬೆನ್ನಿಗೆ ಬಾರಿಸಿದರು, ಆಗ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಎರವರ ಹಾಡಿಯ ಕಾಳಜ್ಜಿ ಮಾತ್ರ ಕಲ್ಲು ಬಿಡಿಸಿ ಅದೇ ಕೈಗೆ ಸೌಟು ಕೊಟ್ಟಳು, ಬಡ್ಸು ಮಗಾ, ಕೈ ಬಿಚ್ಚಿ ಬಡ್ಸು, ನಂಗೂ ಒಂಚೂರು ಇಡು ಕಳ್ಳಿ — ಬಡಿಸುವ ಕೈ ನೋಡಿ ನಗುವವರು ಯಾರು, ನಿನ್ನ ಋಣ ತೀರದು ಕಾಳಜ್ಜಿ, ನೀನೂ ಹೊಡೆದಿದ್ದರೆ ಈ ಕೈ ಯಾರ ತಲೆ ಒಡೆದು ಎಲ್ಲಿರುತ್ತಿತ್ತೋ, ಗಂಜಿ ಕುದಿಯುವಾಗೆಲ್ಲ ನಿನ್ನ ನೆನೆಯುತ್ತೇನೆ, ನಿನ್ನ ಹೊಟ್ಟೆ ತಣ್ಣಗಿರಲಿ — ಬಾ ಮಾಮೊನಿ, ಬಾ ನನ್ನವ್ವ, ಇಗೋ ಹಿಡಿ, ಇವತ್ತು ನೀನೇ ಬಡ್ಸು, ಮೊದ್ಲು ನಿಂಗೆ ಹಾಕ್ಕೋ, ಮಾತು ತಿಳಿಯದಿದ್ದರೂ ಸೌಟು ತಿಳಿಯಿತು, ಅಜ್ಜೀ, ಅವ್ಳ್ ಬಡ್ಸಿದ್ರೆ ನಂಗ್ ಬ್ಯಾಡ ಎಂದು ಚಿನ್ನಿ ಮುಖ ತಿರುಗಿಸುತ್ತಾಳೆ, ಬ್ಯಾಡಂದ್ರೆ ನಿನ್ ಪಾಲು ಕೋಳಿಗೆ ಹಾಕ್ತೀನಿ ಕಣೇ ದೊರೆಸಾನಿ, ಮಕ್ಕಳು ಕಿಸಕ್ಕನೆ ನಕ್ಕವು, ಕೊನೆಗೆ ಹಸಿವೆಯೇ ಚಿನ್ನಿಯ ತಟ್ಟೆ ಚಾಚಿಸಿತು, ಗುರುತು ಬಿದ್ದ ಕೈಯಲ್ಲೇ, ಸೌಟಿನಿಂದ ಸುಡುಸುಡು ಗಂಜಿ ಬಿತ್ತು, ಆ ಕೈಗೆ ತೀರ ಹತ್ತಿರ ಮಾಮೊನಿ ಬಗ್ಗುತ್ತಿದೆ, ಆ ಬಾಯಿ, ನಿನ್ನೆಯ ಬಾಯಿ, ತೆರೆಯುತ್ತದೆ, ದುಂಡಗಾಗುತ್ತದೆ, ಚಿನ್ನಿಯ ಗಂಜಿಯ ಮೇಲೆ ಉಫ್ — ಉಫ್ — ದುಂಡಗೆ, ಆ ಬಾಯಿ —