ನೀಲಿ ಲೈಟು, ಕೆಂಪು ಲೈಟು

ಕೆ.ಆರ್. ಪುರಕ್ಕೆ ತೂಗುಸೇತುವೆ ಬಂದ ವರ್ಷವೇ ನಮ್ಮ ಮನೆಗೆ ಗೋಡೆ ಬಂತು. ರಸ್ತೆ ಕಡೆಯ ಜಾಗ ಯಾರಿಗೆ ಅಂತ ನಮ್ಮಪ್ಪ ಮುನಿರಾಜ್‌ಗೂ ದೊಡ್ಡಪ್ಪ ಮುನಿನಾರಾಯಣಪ್ಪನವರಿಗೂ ಶುರುವಾದ ಜಗಳ ಒರಳುಕಲ್ಲಿನವರೆಗೂ ಹೋಯಿತು. ಇದ್ದದ್ದು ಒಂದೇ ಒರಳು. ಭಾಗ ಮಾಡಲು ಕೂತ ಹಿರಿಯರು ಇನ್ನೊಂದು ಹೊಸದು ತರಿಸಿದರು. ಆಮೇಲೆ ಹಳೆಯದು ಯಾರಿಗೆ ಅಂತ ಮತ್ತೊಂದು ಸುತ್ತು ಜಗಳ. ದೊಡ್ಡವರು ಅನ್ನಿಸಿಕೊಂಡವರಿಗೆ ನಾಚಿಕೆ ಬೇಡವೇ ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮುನಿಶಾಮಿ ಮೇಸ್ತ್ರಿ ನಡುಮನೆಯ ಮಧ್ಯಕ್ಕೆ ಗೋಡೆ ಎಬ್ಬಿಸಿದ. ಅದರಲ್ಲಿ ಬಾಗಿಲು, ಕಿಟಕಿ ಏನೂ ಇರಕೂಡದು ಅಂತ ಮೊದಲೇ ಮಾತಾಗಿತ್ತು. ಹೆಂಚಿನ ಕೆಳಗಿನ ದೊಡ್ಡ ತೊಲೆ ಮಾತ್ರ ಎರಡೂ ಕಡೆಗೆ ಒಂದೇ. ಅದನ್ನು ಕೊಯ್ದರೆ ಮನೆಯೇ ಬೀಳುತ್ತಿತ್ತು, ಅದಕ್ಕೆ ಬಿಟ್ಟರು. ಅದರ ಪಕ್ಕದಲ್ಲಿ ಗುಬ್ಬಿ ನುಸುಳುವಷ್ಟು ಸಂದು ಉಳಿಯಿತು.

ಗೋಡೆಯ ಆ ಕಡೆ ದೊಡ್ಡಪ್ಪನ ಮಗ ಶ್ರೀನಾಥ್ ಇದ್ದ, ನಮ್ಮ ಸೀನ. ನಾನು ಅವನಿಗಿಂತ ಆರು ತಿಂಗಳಿಗೆ ದೊಡ್ಡವಳು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು, ಕಾಲೇಜು ಬಿಟ್ಟ ಮೇಲೆ ಸೈಬರ್ ಕೆಫೆಗೆ ಹೋಗಿ ಕಾರ್ ರೇಸ್ ಆಡುತ್ತಿದ್ದವರು. ಇನ್ನು ಮೇಲೆ ಅವನ ಜೊತೆ ಕಂಡರೆ ಕಾಲು ಮುರೀತೀನಿ ಅಂದರು ಅಪ್ಪ. ಅವನಿಗೂ ಅದೇ ಪಾಠ ಆಗಿತ್ತು. ಅವನು ಕೆಮ್ಮಿದರೂ ನನಗೆ ಕೇಳುತ್ತಿತ್ತು, ಮಾತಾಡಿಸುವ ಹಾಗಿರಲಿಲ್ಲ. ಇವರಿಬ್ಬರು ಮುನಿಸಿಕೊಂಡರೆ ನನ್ನ ತಮ್ಮನನ್ನು ನಾನು ಯಾಕೆ ಕಳೆದುಕೊಳ್ಳಬೇಕು?

ಅಷ್ಟರಲ್ಲಿ ದೊಡ್ಡಪ್ಪ ಸೀನನಿಗೆ ಕಂಪ್ಯೂಟರ್ ಕೊಡಿಸುತ್ತಾರೆ ಅನ್ನೋ ಸುದ್ದಿ ಬಂತು. ಅಪ್ಪ ಸುಮ್ಮನಿರುತ್ತಾರೆಯೇ?

"ಅವ್ರು ಎಷ್ಟು ಹಾಕ್ತಾರೋ ಅಷ್ಟೇ ನಾನೂ ಹಾಕ್ತೀನಿ ಹಂಸ. ಆದ್ರೆ ನಮ್ದು ಒಂದು ಕೈ ಮೇಲಿರ್ಬೇಕು. ಟಿವಿ ದೊಡ್ದಿರ್ಲಿ," ಅಂದರು. ಮಾನಿಟರ್‌ಗೆ ಅವರು ಟಿವಿ ಅಂತಲೇ ಹೇಳುತ್ತಿದ್ದರು.

ಶಿವಾಜಿನಗರದಲ್ಲಿ ಬಿಡಿ ಭಾಗ ಜೋಡಿಸಿ ಕಂಪ್ಯೂಟರ್ ಮಾಡಿಕೊಡುವ ಖಾದರ್ ಭಾಯ್ ಅಂಗಡಿಗೆ, ಕಾಲೇಜಿನಲ್ಲಿ ಕದ್ದು ಮಾತಾಡಿಕೊಂಡು, ನಾನು ಒಂದು ಬಸ್ಸಿನಲ್ಲಿ, ಸೀನ ಹಿಂದಿನ ಬಸ್ಸಿನಲ್ಲಿ ಹೋದೆವು.

"ಇಪ್ಪತ್ತೈದು ಸಾವಿರಕ್ಕೆ ದೊಡ್ಡ ಮಾನಿಟರ್ ಬೇಕಂದ್ರೆ ಗ್ರಾಫಿಕ್ಸ್ ಕಾರ್ಡ್ ಬಿಡ್ಬೇಕಮ್ಮ," ಅಂದರು ಖಾದರ್ ಭಾಯ್. "ಆಮೇಲೆ ರೇಸ್ ಎಲ್ಲಿ? ಕೆಟ್ಟ ಕಾರು ತಳ್ಕೊಂಡು ಹೋದಂಗಿರ್ತದೆ."

ಸರಿ, ಮಾನಿಟರ್ ಚಿಕ್ಕದೇ ಸಾಕು ಅಂದೆವು. ಸೀನನ ಕಣ್ಣು ಗಾಜಿನೊಳಗಿದ್ದ ಹೊಸ ಕಾರ್ಡಿನ ಮೇಲೇ ಇತ್ತು. ಅದರ ಮೇಲೆ ಪುಟ್ಟ ಫ್ಯಾನ್ ಬೇರೆ. ಸುಳ್ಳು ಯಾಕೆ, ನನಗೂ ಬಾಯಲ್ಲಿ ನೀರೂರಿತು.

"ಇದೇ ಹಾಕ್ಸೋಣ ಕಣೇ, ಇಬ್ರೂ," ಅಂದ.

"ಹಾಕ್ಸಿ? ನೀನಲ್ಲಿ ಒಬ್ನೇ ಆಡು, ನಾನಿಲ್ಲಿ ಒಬ್ಳೇ ಆಡ್ತೀನಿ. ಅಷ್ಟೇ ತಾನೆ?"

ಅವನ ಮುಖ ಸಣ್ಣಗಾಯಿತು. "ಭಾಯ್, ಎರಡು ಕಂಪ್ಯೂಟರ್ ಸೇರ್ಸಿ ಆಡೋಕೆ ಏನ್ ಬೇಕು?" ಅಂತ ಕೇಳಿದ.

ಒಂದೊಂದಕ್ಕೂ ಒಂದು ನೆಟ್‌ವರ್ಕ್ ಕಾರ್ಡ್, ನಡುವೆ ಉದ್ದನೆಯ ಕೇಬಲ್. ಆದರೆ ದುಡ್ಡು ಆಗಲೇ ತುದಿ ಮುಟ್ಟಿತ್ತು. ಫ್ಯಾನಿನ ಕಾರ್ಡ್ ಬಿಟ್ಟು ಹಳೇ ಮಾಡೆಲ್ ತಗೊಂಡರೆ ಮಾತ್ರ ಅವು ಬರುತ್ತಿದ್ದವು. ಸೀನ ಇನ್ನೊಂದು ಸಲ ಗಾಜಿನ ಕಡೆ ನೋಡಿ, "ಹಳೇದೇ ಕೊಡಿ ಭಾಯ್," ಅಂದ. ಅವನ ತಲೆ ಸವರಬೇಕು ಅನ್ನಿಸಿತು.

ಉಳಿದದ್ದು ಅಪ್ಪಂದಿರ ಸಮಸ್ಯೆ. ಎರಡೂ ಅವಳಿ ಜವಳಿ ಥರ ಇದ್ದರೆ ಇಬ್ಬರೂ ಒಪ್ಪುವವರಲ್ಲ. ನಿಮ್ಮದೇ ಮೇಲು ಅಂತ ಇಬ್ಬರಿಗೂ ಹೇಳಿಬಿಡಿ ಅಂತ ನಾನು ಗೋಗರೆದೆ.

"ವ್ಯಾಪಾರದಲ್ಲಿ ಸುಳ್ಳು ಹೇಳೋನಲ್ಲ ನಾನು," ಅಂತ ಖಾದರ್ ಭಾಯ್ ಗಡ್ಡ ನೀವಿಕೊಂಡರು. ಆಮೇಲೆ ಒಳಗಿನಿಂದ ಕಂಪ್ಯೂಟರ್ ಭಾಗಗಳನ್ನು ಕೂರಿಸುವ ಎರಡು ಕ್ಯಾಬಿನೆಟ್ ತಂದರು. ಒಂದರ ಮುಂದೆ ನೀಲಿ ಲೈಟು, ಇನ್ನೊಂದರ ಮುಂದೆ ಕೆಂಪು. ದುಡ್ಡು ಕೊಡಲು ಅಪ್ಪ ಬಂದಾಗ, "ನಿಮ್ದರಲ್ಲಿ ನೀಲಿ ಲೈಟ್ ಇದೆ, ಅವ್ರದರಲ್ಲಿ ಇಲ್ಲ," ಅಂದರು. ದೊಡ್ಡಪ್ಪನಿಗೆ ಕೆಂಪು ಲೈಟಿನ ಮಾತು ಹೇಳಿದರು. ಎರಡೂ ಸತ್ಯವೇ. ಇಬ್ಬರೂ ಮೀಸೆ ತಿರುವಿಕೊಂಡು ಮನೆಗೆ ಬಂದರು.

ಕಂಪ್ಯೂಟರ್ ಬಂದ ವಾರವೇ ಸೀನ ಕೋಲಿಗೆ ಕೇಬಲ್ ಕಟ್ಟಿ ತೊಲೆಯ ಸಂದಿನಿಂದ ಈಚೆ ತಳ್ಳಿದ, ನಾನು ಎಳೆದುಕೊಂಡೆ. ಅಪ್ಪ ಇಲ್ಲದ ಹೊತ್ತಿನಲ್ಲಿ ದಿನಾ ಆಟ. ಚಿತ್ರ ಆಗಾಗ ತಡವರಿಸುತ್ತಿತ್ತು. ಪರದೆಯ ಮೇಲೆ ಅವನ ಕಾರು ನನ್ನ ಪಕ್ಕಕ್ಕೆ ಬಂದರೆ ಸಾಕು, ನನಗೆ ಹಬ್ಬ.

ಒಂದು ಭಾನುವಾರ ಮಧ್ಯಾಹ್ನ ಆಟದ ನಡುವೆಯೇ ಅಪ್ಪ ಬೇಗ ಬಂದುಬಿಟ್ಟರು. ಕಂಪ್ಯೂಟರ್ ಹಿಂದಿನಿಂದ ಹೊರಟ ವೈರನ್ನು ಕಣ್ಣಲ್ಲೇ ಹಿಂಬಾಲಿಸಿ ತೊಲೆಯವರೆಗೆ ಹೋದರು.

"ಇದು ಎಲ್ಲಿಗೆ ಹೋಗಿದೆ?"

ಅವರು ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಕಟಿಂಗ್ ಪ್ಲೇಯರ್ ತಂದರು.

"ಅಪ್ಪಾ, ಬೇಡ. ಕಂಪ್ಯೂಟರನ್ನೇ ಮಾರ್ಬಿಡಿ ಬೇಕಾದ್ರೆ. ಅದೊಂದು ಬಿಡಿ," ಅಂತ ಕೈ ಹಿಡಿದೆ. ಜೋರಾಗಿ ಅಳು ಬಂದುಬಿಟ್ಟಿತು. ಅವರು ಕೈ ಕೊಡವಿಕೊಂಡು ವೈರನ್ನು ಪ್ಲೇಯರಿನ ಬಾಯಿಗೆ ಇಟ್ಟರು.

ಆಗ ಸ್ಪೀಕರಿನಿಂದ ಪೀಂ ಪೀಂ ಅಂತ ಹಾರ್ನ್ ಕೇಳಿತು. ಅಪ್ಪ ಪರದೆ ಕಡೆ ತಿರುಗಿದರು. ಆ ಕಡೆಯ ಕಾರು ತಿರುವಿನಲ್ಲಿ ಪೂರ್ತಿ ನಿಂತು, ಎರಡು ಸಲ ಹಾರ್ನ್ ಹೊಡೆದು, ನಿಧಾನಕ್ಕೆ ತಿರುಗಿತು. ಮುಂದಿನ ತಿರುವಿನಲ್ಲೂ ಹಾಗೇ. ರೇಸಿನಲ್ಲಿ ಯಾರಾದರೂ ನಿಂತು ಹಾರ್ನ್ ಹೊಡೆಯುತ್ತಾರೆಯೇ? ಸೀನನಿಗೇನಾಯಿತು ಅಂತ ನನಗೂ ಅರ್ಥವಾಗಲಿಲ್ಲ.

"ಇದು ಸೀನ ಅಲ್ಲ," ಅಂದರು ಅಪ್ಪ. "ನಮ್ಮಣ್ಣ."

ದೊಡ್ಡಪ್ಪ ಸ್ಕೂಟರ್ ಓಡಿಸುವುದೇ ಹಾಗೆ. ಅಪ್ಪ ಆ ಸ್ಕೂಟರಿನ ಹಿಂದೆ ಕೂತೇ ಹೈಸ್ಕೂಲು ಮುಗಿಸಿದವರು.

ಪ್ಲೇಯರನ್ನು ಮೇಜಿನ ಮೇಲಿಟ್ಟು, ನನ್ನನ್ನು ಎಬ್ಬಿಸಿ ತಾವು ಕೂತರು. "ಹಾರ್ನ್ ಯಾವ್ದು?" ತೋರಿಸಿದೆ. ಎರಡು ಸಲ ಒತ್ತಿದರು.

ಆ ಕಡೆಯ ಕಾರು ನಿಂತಲ್ಲೇ ನಿಂತಿತು. ಆಮೇಲೆ ನಮ್ಮ ಸ್ಪೀಕರಿನಲ್ಲೂ ತೊಲೆಯ ಸಂದಿನಲ್ಲೂ ಒಟ್ಟಿಗೆ ಪೀಂ ಪೀಂ ಅಂತು.

ಇಬ್ಬರೂ ಒಂದು ಸುತ್ತು ಓಡಿಸಿದರು, ಇಬ್ಬರೂ ಹೋಗಿ ಬೇಲಿಗೆ ಗುದ್ದಿದರು. ಅಪ್ಪ ಕೀಬೋರ್ಡಿಗೆ ಬೈದರು.

"ಗುಂಡಿ ಒತ್ಕೊಂಡು ಯಾವನು ಗಾಡಿ ಓಡಿಸ್ತಾನೆ? ಇದಕ್ಕೆ ಸ್ಟೀರಿಂಗ್ ಬರಲ್ವಾ?"

"ಬರುತ್ತಪ್ಪಾ. ರೇಟು ಜಾಸ್ತಿ."

ಅಪ್ಪ ಗೋಡೆಯನ್ನು ಒಂದು ಸಲ ನೋಡಿದರು.

"ಖಾದರ್ ಭಾಯ್ ಹತ್ರ ವಿಚಾರ್ಸು," ಅಂದರು. "ಎರಡಕ್ಕೆ ಕೇಳು."